ಪೊಲೀಸ್ರು ಬಾಗಲಾ ಮುರದು ಮಗ್ಗ ಕೆಡಿಸಿದ್ರ ರೊಕ್ಕಾ ಯಾರು ಕೊಡಬೇಕು?

ಪ್ರಶ್ನೆ: ಸರ್, ನಾವು ಗದಗ-ಬೆಟಗೇರಿಯವ್ರು, ಮನ್ಯಾಗ ಕೈಮಗ್ಗ ಐತಿ, ನಾನೂ ನಮ್ಮ ಮನಿಯವ್ರೂ ಸೀರಿ ನೇಯ್ತೇವಿ. ಮ್ಯಾಲಿನ ಮನ್ಯಾಗ ಬಾಡಿಗಿ ಇದ್ದ ಹುಡುಗನ್ನ ಹುಡುಕ್ಕೊಂತ ಹೋದ ವಾರ ರಾತ್ರಿ ಎರಡೂವರಿಗೆ ಪೊಲೀಸ್ರು ಬಂದ್ರು, ಮ್ಯಾಲೆ ಹೋಗೂದು ಬಿಟ್ಟು ನಮ್ಮ ಬಾಗಲಾ ಒದ್ದು ಮುರದ್ರು. ಕತ್ತಲ್ದಾಗ ಮಗ್ಗದ ಮ್ಯಾಲೆ ಕಾಲಿಟ್ಟು ಹಾಸು (ಮಗ್ಗಕ್ಕ ಉದ್ದಕ್ಕ ಏರಿಸಿದ ನೂಲು) ಹರದು ಹೋತು, ಅರ್ಧಾ ನೇಯ್ದ ಸೀರಿ ಕೆಡ್ತು. ಹೋಗೂವಾಗ ಅಂಗಳದಾಗಿದ್ದ ನಮ್ಮ ಬೈಕ್ ಆ ಹುಡುಗಂದು ಅಂತ ತಿಳಿದು ತಗೊಂಡ್ ಹೋದ್ರು, ಆರ್‌ಸಿ ತೋರಿಸಿದ್ರೂ ಕೊಡವಲ್ರು. ಬಾಗಲಕ್ಕ ಸದ್ಯಾ ತಗಡ ಬಡದೇವಿ. ಒಬ್ಬ ವಕೀಲ್ರು ಸರ್ಕಾರದ ಮ್ಯಾಲೆ ಇಂಥಾದ್ದಕ್ಕ ಕೇಸ್ ನಿಲ್ಲಂಗಿಲ್ಲ ಅಂದ್ರು. ಖರೇನೇನ್ರಿ?

ಉತ್ತರ: ಅಕ್ಕಾರ, ಖರೆ ಅಲ್ಲ. ಕೇಸ್ ನಿಲ್ಲತೈತಿ. ಆದ್ರ ಅದಕ್ಕೂ ಮೊದ್ಲ ಒಂದ್ ಮಾತು, ಆ ಮುರದ ಬಾಗಲಾ ಎಲ್ಲೈತಿ? ಒಲಿಗೆ ಹಾಕಿಲ್ಲ ಹೌದಲ್ಲೋ? ಹಾಕಿರದಿದ್ರ ಹಂಗ ತೆಗದಿಡ್ರಿ, ಚಿಲಕಾ ಕಿತ್ತ ಜಾಗ, ಬೂಟಿನ ಗುರ್ತು ಬಿದ್ದಿದ್ರ ಆ ಗುರ್ತು, ಚೌಕಟ್ಟು ಸೀಳಿದ ಜಾಗ, ಎಲ್ಲಾ ಹತ್ತರಿಂದ ಫೋಟೋ ತಗೀರಿ, ಆಮ್ಯಾಲೆ ದೂರ ನಿಂತು ಮ್ಯಾಲಿನ ಮನಿ ಜೀನೀ (ಮೆಟ್ಟಲಾ) ಮತ್ತ ನಿಮ್ಮ ಬಾಗಲಾ ಎರಡೂ ಒಂದ ಫೋಟೋದಾಗ ಬರೂ ಹಂಗ ತಗೀರಿ. ದೂರಿಂದ ತಗದ ಈ ಫೋಟೋನ ನಿಮ್ಮ ಕೇಸಿನ ಜೀವ, ಯಾಕಂದ್ರ ಮ್ಯಾಲಿನ ಮನಿಗೆ ಹೋಗೂ ದಾರಿ ಬ್ಯಾರೆ ಇತ್ತು, ಪೊಲೀಸ್ರು ಒಂದ್ ಸಲ ಬ್ಯಾಟರಿ ಹಾಕಿ ನೋಡಿದ್ರ ಸಾಕಿತ್ತು ಅನ್ನೂದು ಜಡ್ಜಿಗೆ ಕಣ್ಣಿಗೆ ಕಾಣಬೇಕು.

ಇದನ್ನ ಇಷ್ಟು ಒತ್ತಿ ಯಾಕ ಹೇಳಾಕತ್ತೀನಿ ಅಂದ್ರ, ನನ್ನ ಪ್ರಾಕ್ಟೀಸಿನ್ಯಾಗ ಇಂಥಾ ಕೇಸು ಸೋತದ್ದು ಕಾನೂನು ಇಲ್ಲಂತ ಅಲ್ಲ, ಪುರಾವೆ ಇಲ್ಲಂತ. ಹಾವೇರಿ ಜಿಲ್ಲಾದ ಒಬ್ಬ ಹಿರ್ಯಾರು ಬಂದಿದ್ರು, ಅವ್ರ ಅಂಗಡಿ ಶಟರ್ ಪೊಲೀಸ್ರು ಮುರದಿದ್ರು, ಮರುದಿನಾನ ಹೊಸಾ ಶಟರ್ ಹಾಕ್ಸಿ ಹಳೇದು ಗುಜರಿಗೆ ಕೊಟ್ಟಬಿಟ್ಟಿದ್ರು, ಅಂಗಡಿ ತೆರದ ಇಡಾಕ ಆಗಂಗಿಲ್ಲಲ್ರಿ ಪಾಪ ಅವ್ರದೂ ತಪ್ಪಲ್ಲ. ಎರಡು ವರ್ಷ ಆದ್ಮ್ಯಾಲೆ ಕೋರ್ಟಿನ್ಯಾಗ ಸರ್ಕಾರಿ ವಕೀಲ್ರು ಕೇಳಿದ್ದು ಒಂದ ಪ್ರಶ್ನಿ, ಶಟರ್ ಮೊದ್ಲ ಮುರದಿದ್ದಿಲ್ಲ ಅನ್ನಾಕ ಏನೈತಿ? ನಮ್ಮ ಕಡೆ ಉತ್ತರ ಇದ್ದಿಲ್ಲ. ಆ ಹಿರ್ಯಾರು ಕಟಕಟಿಯೊಳಗ ಕೈ ಮುಗದು ನಿಂತಿದ್ದು ನನಗ ಇನ್ನೂ ಕಣ್ಣ ಮುಂದ ಐತಿ.

ಈಗ ನಿಮ್ಮ ವಕೀಲ್ರು ಯಾಕ ಹಂಗಂದ್ರು ಅಂತ ಹೇಳ್ತೀನಿ. ಅವ್ರು ಸುಳ್ಳು ಹೇಳಿಲ್ಲ, ಹಳೇ ತೀರ್ಪು ತಲ್ಯಾಗ ಇಟ್ಕೊಂಡು ಹೇಳ್ಯಾರ. 1947ರ ಸಪ್ಟೆಂಬರ್, ದೇಶ ಒಡದ ಹೊತ್ತು, ಅಮೃತಸರದಿಂದ ಒಬ್ಬ ವ್ಯಾಪಾರಿ ಬಂಗಾರ ಬೆಳ್ಳಿ ತಗೊಂಡು ಮೀರತ್‌ಗೆ ಬಂದಿದ್ದ. ಸಂಶಯದ ಮ್ಯಾಲೆ ಪೊಲೀಸ್ರು ಅವನ್ನ ಹಿಡದ್ರು, 103 ತೊಲಿಗಿಂತ ಮ್ಯಾಲೆ ಬಂಗಾರ ಜಪ್ತಿ ಮಾಡಿ ಠಾಣೇದ ಮಾಲಖಾನಿಯೊಳಗ ಇಟ್ರು. ಮಾಲಖಾನಿ ನೋಡ್ಕೊಳ್ಳೂ ಹೆಡ್ ಕಾನ್‌ಸ್ಟೇಬಲ್ ಅದನ್ನ ಎತ್ಕೊಂಡು ಪಾಕಿಸ್ತಾನಕ್ಕ ಓಡಿ ಹೋದ. ವ್ಯಾಪಾರಿಗೆ ಬೆಳ್ಳಿ ವಾಪಸ್ ಸಿಕ್ತು, ಬಂಗಾರ ಹೋತು. ಇದು ಕಸ್ತೂರಿಲಾಲ್ ಕೇಸು. ಸುಪ್ರೀಂ ಕೋರ್ಟ್ 1964ರಾಗ ಏನಂತು ಅಂದ್ರ, ಪೊಲೀಸ್ರು ಬೇಜವಾಬ್ದಾರಿ ಮಾಡ್ಯಾರ ಹೌದು, ಆದ್ರ ಹಿಡಿಯೂದು ಜಪ್ತಿ ಮಾಡೂದು ಇವೆಲ್ಲಾ ಸರ್ಕಾರದ ಸಾರ್ವಭೌಮ ಅಧಿಕಾರದ ಕೆಲಸ, ಅದ್ರಾಗ ಆದ ಲುಕ್ಸಾನಕ್ಕ ಸರ್ಕಾರ ಹೊಣಿ ಅಲ್ಲ ಅಂತು. ಈ ವಿಚಾರದ ಬೇರು ಇನ್ನೂ ಹಿಂದ ಹೋಗತೈತಿ, ಬ್ರಿಟಿಷರ ಕಾಲದ ಒಂದು ಕುದುರಿಗಾಡಿ ಆಕ್ಸಿಡೆಂಟ್, ಕಲ್ಕತ್ತಾದ 1861ರ ತೀರ್ಪು. ಆ ಕೇಸಿನ್ಯಾಗ ಗಾಡಿ ಮಾಲಕರಿಗೆ ರೊಕ್ಕಾ ಸಿಕ್ಕಿತ್ತು, ಆದ್ರ ತೀರ್ಪಿನ್ಯಾಗ ಬಂದ ‘ಸಾರ್ವಭೌಮ ಕೆಲಸ’ ಅನ್ನೂ ಮಾತು ಅಷ್ಟ ಉಳಕೊಂಡು ನೂರು ವರ್ಷ ಜನರನ್ನ ಕಾಡ್ತು.

ಕಸ್ತೂರಿಲಾಲ್ ತೀರ್ಪು ಬರದವ್ರು ಮುಖ್ಯ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್, ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನ್ಯಾಗ ಕಲ್ತವ್ರು. ಅವ್ರಿಗೇ ಆ ತೀರ್ಪು ಸಮಾಧಾನ ಕೊಟ್ಟಿದ್ದಿಲ್ಲ, ಇಂಗ್ಲೆಂಡಿನ್ಯಾಗ ಆದ ಹಂಗ ಇಲ್ಲೂ ಸರ್ಕಾರದ ಹೊಣಿ ಬಗ್ಗೆ ಕಾನೂನು ಮಾಡೂ ವಿಚಾರ ಶಾಸಕಾಂಗ ಗಂಭೀರವಾಗಿ ಮಾಡಬೇಕು ಅಂತ ಅದ ತೀರ್ಪಿನ್ಯಾಗ ಬರದಾರ. ಕಾನೂನು ಆಯೋಗ ತನ್ನ ಮೊದಲ ವರದಿ ಬರದದ್ದ ಈ ವಿಷಯದ ಮ್ಯಾಲೆ, 1956ರಾಗ. 1960ರ ದಶಕದಾಗ ಸಂಸತ್ತಿನ್ಯಾಗ ಬಿಲ್ ಬಂತು, ಪಾಸಾಗಲಿಲ್ಲ. ಇವತ್ತಿನ ತನಕಾ ಆ ಕಾನೂನು ಬಂದಿಲ್ಲ ಅಕ್ಕಾರ, ನನಗಂತೂ ಇದು ದೊಡ್ಡ ಅನ್ಯಾಯ ಅನಸತೈತಿ, ಸರ್ಕಾರಿ ಬಸ್ಸು ಗುದ್ದಿದ್ರ ಪರಿಹಾರ ಕೊಡಾಕ ಟ್ರಿಬ್ಯೂನಲ್ ಐತಿ, ಪೊಲೀಸ್ರು ಬಾಗಲಾ ಒದ್ರ ಬಡವ್ರು ತೀರ್ಪಿಂದ ತೀರ್ಪಿಗೆ ಅಲೀಬೇಕು.

ಆದ್ರ ಕೋರ್ಟುಗಳು ಅಲ್ಲೇ ನಿಂತಿಲ್ಲ. 1977ರಾಗ ಒಂದು ತೀರ್ಪು ಬಂತು, ಅದನ್ನ ನಾ ಪ್ರತಿ ನೋಟಿಸಿನ್ಯಾಗ ಹಾಕ್ತೀನಿ. ಬಸವಾ ಕೋಂ ದ್ಯಾಮನಗೌಡ ಪಾಟೀಲ ಮತ್ತ ಮೈಸೂರು ರಾಜ್ಯ. ಹೆಸರಾಗಿನ ‘ಕೋಂ’ ನೋಡಿದ್ರ ಗೊತ್ತಾಗತೈತಿ ನಮ್ಮ ಸೀಮಿ ಹೆಣ್ಮಗಳು ಅಂತ, ನಮ್ಮ ಹಳೇ ಉತಾರಿನ್ಯಾಗ ಹೆಂಡತಿ ಅನ್ನಾಕ ಹಂಗ ಬರೀತಿದ್ರು. ಆಕೀ ಮನ್ಯಾಗ ಕಳವಾತು, ಪೊಲೀಸ್ರು ಕಳ್ಳರನ್ನ ಹಿಡದು ದಾಗೀನಾ ತಂದ್ರು, ಠಾಣೇದಾಗ ಟ್ರಂಕಿನ್ಯಾಗ ಇಟ್ರು, ಅಲ್ಲಿಂದ ಮತ್ತ ಮಾಯ ಆದ್ವು. ಕಳ್ಳರು ಒಂದ್ ಸಲ ಕದ್ರು, ಠಾಣೇದಾಗ ಎರಡನೇ ಸಲ ಹೋದ್ವು. ಕೆಳಗಿನ ಕೋರ್ಟುಗಳಾಗ ಆಕಿಗೆ ಏನೂ ಸಿಗಲಿಲ್ಲ. ಸುಪ್ರೀಂ ಕೋರ್ಟ್ ಹೇಳ್ತು, ವಸ್ತು ಕೋರ್ಟಿನ ಹೆಸರಿನ್ಯಾಗ ಪೊಲೀಸ್ರ ಕಡೆ ಇತ್ತು, ಸರ್ಕಾರ ಜೋಪಾನ ಮಾಡಿದ್ದಕ್ಕ ಪುರಾವೆ ಕೊಟ್ಟಿಲ್ಲ, ವಸ್ತು ಇಲ್ಲಂದ್ರ ಅದ್ರ ಬೆಲಿ ಕೊಡ್ರಿ ಅಂತ 10,000 ರೂಪಾಯಿ ಕೊಡಾಕ ಹಚ್ತು. ಬ್ಯಾರೆ ದಾವಾ ಹಾಕೂ ಗೋಜಿಲ್ಲದ, ಅದ ಕ್ರಿಮಿನಲ್ ಕೇಸಿನೊಳಗ.

ಆಮ್ಯಾಲೆ 1994ರ ನಾಗೇಂದ್ರ ರಾವ್ ಕೇಸು. ಆಂಧ್ರದ ಒಬ್ಬ ವ್ಯಾಪಾರಿಯ ಗೊಬ್ಬರ, ಕಾಳು ಅಧಿಕಾರಿಗಳು ಜಪ್ತಿ ಮಾಡಿ ಇಟ್ಟು ಇಟ್ಟು ಕೆಡಿಸಿದ್ರು, ಸರ್ಕಾರ ಮತ್ತ ಅದ ಸಾರ್ವಭೌಮದ ಮಾತು ತಗೀತು, ಕೋರ್ಟ್ ಒಪ್ಪಲಿಲ್ಲ, ಬೆಲಿ ಕೊಡಿಸ್ತು. 1999ರ ಕಾಮನ್ ಕಾಸ್ ಮತ್ತ 2000ದ ಚಲ್ಲಾ ರಾಮಕೃಷ್ಣ ರೆಡ್ಡಿ ತೀರ್ಪಿನ್ಯಾಗ ಕಸ್ತೂರಿಲಾಲ್‌ಗೆ ಇದ್ದ ತೂಕ ಈಗ ಉಳಿದಿಲ್ಲ ಅನ್ನೂ ಅರ್ಥದ ಮಾತು ಬಂದಾವು. ಅದನ್ನ ರದ್ದು ಮಾಡೇವಿ ಅಂತ ಬಾಯಿಬಿಟ್ಟು ಹೇಳಿಲ್ಲ, ಅದಕ್ಕ ಸರ್ಕಾರಿ ವಕೀಲ್ರು ಇವತ್ತೂ ಜವಾಬಿನ್ಯಾಗ ಅದನ್ನ ಬರೀತಾರ. ಬರೀಲಿ. ನೋಡಿ ಹೆದರಬ್ಯಾಡ್ರಿ.

ಇನ್ನ ನಿಮ್ಮ ಮೂರು ಲುಕ್ಸಾನಾನೂ ಬ್ಯಾರೆ ಬ್ಯಾರೆ ನೋಡಬೇಕು, ಒಂದರಾಗ ಕಲಸಿದ್ರ ಕೆಡತೈತಿ.

ಬೈಕ್ ಎಲ್ಲಾಕಿಂತ ಸುಲಭ, ಅದಕ್ಕ ವರ್ಷ ಕಾಯೂದು ಬ್ಯಾಡ. ಠಾಣೇಕ್ಕ ಹೋಗಿ ಪಿಎಫ್ ನಂಬರ್ ಕೇಳ್ರಿ, ಅಂದ್ರ ಜಪ್ತಿ ಮಾಡಿದ ವಸ್ತು ಕೋರ್ಟಿಗೆ ತಿಳಿಸೂ ಪ್ರಾಪರ್ಟಿ ಫಾರ್ಮಿನ ನಂಬರ್, ಮತ್ತ ಕ್ರೈಂ ನಂಬರ್. ಎರಡೂ ಸಿಕ್ಕ ಮ್ಯಾಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ್ಯಾಗ ಬಿಎನ್‌ಎಸ್‌ಎಸ್ (ಈಗಿನ ಕ್ರಿಮಿನಲ್ ಪ್ರಕ್ರಿಯಾ ಕಾನೂನು) 497, 503ರ ಕೆಳಗ ಮಧ್ಯಂತರ ಸುಪರ್ದಿಗೆ, ಅಂದ್ರ ಕೇಸ್ ಮುಗಿಯೂ ತನಕಾ ಗಾಡಿ ನಮ್ಮ ಕಡೆ ಕೊಡ್ರಿ ಅಂತ, ಅರ್ಜಿ ಹಾಕಬೇಕು, ವಕೀಲ್ರು ಇನ್ನೂ ರೂಢಿಯಿಂದ ಹಳೇ ಸಿಆರ್‌ಪಿಸಿಯ 451-457 ಅರ್ಜಿ ಅಂತಾರ, ಎರಡೂ ಒಂದ. ಆರ್‌ಸಿ, ಇನ್ಶೂರೆನ್ಸ್, ಆಧಾರ್ ಜೋಡಿಸ್ರಿ, ಬಾಂಡ್ ಬರಕೊಟ್ಟು ಗಾಡಿ ತರ್ರಿ. 2002ರ ಸುಂದರಭಾಯಿ ದೇಸಾಯಿ ತೀರ್ಪಿನ್ಯಾಗ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳೇತಿ, ಗಾಡಿಗಳನ್ನ ಠಾಣೇದಾಗ ಕೊಳೀಲಿಕ್ಕೆ ಬಿಡಬ್ಯಾಡ್ರಿ, ಫೋಟೋ ಪಂಚನಾಮಿ ಮಾಡಿ ಬಿಟ್ಟುಕೊಡ್ರಿ ಅಂತ. ಹೊಸಾ ಕಾನೂನಿನ್ಯಾಗಂತೂ ವಸ್ತು ಕೋರ್ಟಿನ ಮುಂದ ಬಂದ 14 ದಿನದಾಗ ಅದ್ರ ವಿವರ ಬರಸಿ ಫೋಟೋ ಇಲ್ಲಾ ವಿಡಿಯೋ ತಗಸಬೇಕು, ಅದಾದ 30 ದಿನದಾಗ ವಿಲೇವಾರಿ ಆದೇಶ ಆಗಬೇಕು ಅಂತ ಬರದೇ ಐತಿ. ಗಾಡಿ ಬಿಡಸ್ಕೊಳ್ಳೂ ದಿನ ಒಂದ್ ಕೆಲಸ ಮರೀಬ್ಯಾಡ್ರಿ, ಕೀಲಿ ಕೈಗೆ ತಗೊಳ್ಳೂದಕ್ಕ ಮೊದ್ಲ ಅಲ್ಲೇ ನಿಂತು ಗಾಡಿ ಸುತ್ತ ವಿಡಿಯೋ ಮಾಡ್ರಿ, ಬ್ಯಾಟರಿ, ಕನ್ನಡಿ, ಸೈಲೆನ್ಸರ್, ಕಿಲೋಮೀಟರ್ ಮೀಟರ್. ಒಂದು ಠಾಣೇದ ಹಿತ್ತಲದಾಗ ನಾ ನೋಡಿದ ಒಂದು ಲೂನಾ, ಸೀಟಿನ ಫೋಮ್ ಇಲಿ ತಿಂದು ಸ್ಪ್ರಿಂಗ್ ಕಾಣಸ್ತಿದ್ವು, ಚಕ್ರದ ಕಡ್ಡಿಯೊಳಗ ಬಳ್ಳಿ ಹಬ್ಬಿತ್ತು. ಮಾಲಕ ಅರ್ಜಿ ಹಾಕಿದ್ದಿಲ್ಲ, ತಾನಾಗೇ ಕೊಡ್ತಾರ ಅಂತ ಕಾಯ್ಕೊಂತ ಕೂತಿದ್ದ. ತಾನಾಗೇ ಕೊಡಂಗಿಲ್ಲ ಅಕ್ಕಾರ.

ಬಾಗಲದ್ದು ಸ್ವಲ್ಪ ತೊಡಕು. ಪೊಲೀಸ್ರಿಗೆ ಬಾಗಲಾ ಮುರಿಯೂ ಹಕ್ಕೈತಿ, ಬಿಎನ್‌ಎಸ್‌ಎಸ್ 44ರಾಗ. ಆದ್ರ ಯಾರು ನಾವು, ಯಾಕ ಬಂದೇವಿ ಅಂತ ಹೇಳಬೇಕು, ಬಾಗಲಾ ತಗೀರಿ ಅನ್ನಬೇಕು, ಅಂದ್ರೂ ಒಳಗ ಬಿಡಲಿಲ್ಲಂದ್ರ ಮುರೀಬೇಕು. ಸರಿಯಾದ ಮನಿಗೆ ಬಂದು, ಕೂಗಿ ಕರದು, ತಗೀದಿದ್ದಕ್ಕ ಚಿಲಕಾ ಮುರದಿದ್ರ ಆ ಚಿಲಕದ ರೊಕ್ಕಾ ಸರ್ಕಾರದಿಂದ ವಸೂಲು ಮಾಡೂದು ಬಾಳ ಕಷ್ಟ. ಇದು ನಮ್ಮಲ್ಲಿ ಅಷ್ಟ ಅಲ್ಲ, ಅಮೇರಿಕದ ಕೊಲರಾಡೋದಾಗ 2015ರಾಗ ಅಂಗಡಿ ಕಳ್ಳ ಒಬ್ಬ ಯಾರದೋ ಮನಿ ಹೊಕ್ಕ ಅಂತ 19 ತಾಸು ಮುತ್ತಿಗಿ ಹಾಕಿ ಪೊಲೀಸ್ರು ಆ ಮನೀನ ಹಾಳು ಮಾಡಿದ್ರು, ಮನಿಯವ್ರದೇನೂ ತಪ್ಪಿದ್ದಿಲ್ಲ, ನಗರಸಭಾ 5,000 ಡಾಲರ್ ಕೊಡ್ತೀವಿ ಅಂತು, 2019ರಾಗ ಕೋರ್ಟ್ ಸೈತ ಪೊಲೀಸ್ ಅಧಿಕಾರದಿಂದ ಆದದ್ದಕ್ಕ ಪರಿಹಾರ ಬರಂಗಿಲ್ಲ ಅಂತು.

ನಿಮ್ಮ ಕೇಸು ಹಂಗಲ್ಲ. ನಿಮ್ಮದು ತಪ್ಪು ಬಾಗಲಾ. ಅವ್ರು ಹುಡುಕಾಕ ಬಂದಿದ್ದು ಮ್ಯಾಲಿನ ಮನಿ, ಅದಕ್ಕ ಬ್ಯಾರೆ ಜೀನೀ ಐತಿ, ಕೂಗಿದ್ರೋ ಇಲ್ಲೋ ಅದನ್ನ ನೀವು ಬರದಿಲ್ಲ, ಆ ರಾತ್ರಿ ಎಚ್ಚರಾದ ಬಾಜು ಮನಿಯವ್ರನ್ನ ಕೇಳಿ ಇಡ್ರಿ. ಇದು ಅಧಿಕಾರ ಚಲಾಯಿಸಿದ್ದಲ್ಲ, ಬೇಜವಾಬ್ದಾರಿ. ಮನಿ ಝಡತಿ (ಶೋಧ) ಮಾಡೂದಕ್ಕ ಕಾನೂನಿನ ಪ್ರಕಾರ ಏನೇನಾಗಬೇಕಿತ್ತು ಅಂದ್ರ, ಅದ ಬಿಎನ್‌ಎಸ್‌ಎಸ್ 185ರ ಪ್ರಕಾರ ಯಾಕ ಝಡತಿ ಅನ್ನೂದನ್ನ ಮೊದ್ಲ ಬರದಿಟ್ಟು ಅದ್ರ ಪ್ರತಿ 48 ತಾಸಿನ್ಯಾಗ ಮ್ಯಾಜಿಸ್ಟ್ರೇಟ್‌ಗೆ ಹೋಗಬೇಕು, 103ರ ಪ್ರಕಾರ ಓಣಿಯ ಇಬ್ಬರು ಪಂಚರು ಇರಬೇಕು, 105ರ ಪ್ರಕಾರ ಪೂರಾ ಝಡತಿ ವಿಡಿಯೋ ಆಗಬೇಕು. 2024ರ ಜುಲೈ 1ರಿಂದ ಇದು ಕಡ್ಡಾಯ. ಹಂಗಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿನ್ಯಾಗ ಆ ದಾಖಲೆ ಪ್ರತಿಗೆ ಅರ್ಜಿ ಹಾಕ್ರಿ, ಮನಿ ಮಾಲಕರಿಗೆ ಅದನ್ನ ಫುಕಟ್ ಕೊಡಬೇಕು. ವಿಡಿಯೋ ಐತಿ ಅಂದ್ರ ಅದ್ರಾಗ ನಿಮ್ಮ ಬಾಗಲಾ ಕಾಣಬೇಕು, ಇಲ್ಲಾ ಅಂದ್ರ ಯಾಕಿಲ್ಲ ಅಂತ ಅವ್ರು ಉತ್ತರ ಕೊಡಬೇಕು. ಎರಡ್ರಾಗ ಯಾವ್ದಾದ್ರೂ ನಿಮಗ ಉಪಯೋಗ.

ಓಣ್ಯಾಗ ಯಾರದಾದ್ರೂ ಅಂಗಡಿ ಸಿಸಿಟಿವಿ ಇದ್ರ ಇವತ್ತ ಹೋಗಿ ಕೇಳ್ರಿ, ಸಣ್ಣ ಅಂಗಡ್ಯಾಗ ಹಳೇ ರೆಕಾರ್ಡಿಂಗ್ ಬಾಳ ದಿನ ಉಳಿಯಂಗಿಲ್ಲ. ಠಾಣೇ ಕ್ಯಾಮೆರಾದ್ದು ಬ್ಯಾರೆ, 2020ರ ಡಿಸೆಂಬರ್‌ದಾಗ ಸುಪ್ರೀಂ ಕೋರ್ಟ್ ಆ ರೆಕಾರ್ಡಿಂಗ್ ಕಡಿಮಿ ಅಂದ್ರೂ 1 ವರ್ಷ ಇಡಬೇಕು ಅಂದೈತಿ, ಬೈಕ್ ಯಾವಾಗ ಒಳಗ ಬಂತು, ಹೆಂಗ ಬಂತು ಅದ್ರಾಗ ಸಿಗತೈತಿ, ಎಸ್‌ಪಿ ಆಫೀಸಿಗೆ ಆರ್‌ಟಿಐ ಹಾಕಿ ತೆಗದಿಡ್ರಿ ಅಂತ ಬರೀರಿ. 2016ರ ಜುಲೈದಾಗ ಮಹಾದಾಯಿ ಹೋರಾಟದ ಟೈಮಿಗೆ ನವಲಗುಂದ ತಾಲೂಕಿನ ಯಮನೂರಾಗ ಪೊಲೀಸ್ರು ಮನಿ ಮನಿ ಹೊಕ್ಕು ಹೊಡದಿದ್ದು ನಿಮಗೂ ನೆನಪಿರಬೇಕು, ಆ ದೃಶ್ಯ ಟಿವಿಯೊಳಗ ಬರದಿದ್ರ ಆ ಮುದುಕ್ಯಾರ ಮಾತು ಯಾರೂ ಕೇಳತಿದ್ದಿಲ್ಲ. ಮೊಬೈಲ್ ವಿಡಿಯೋ ಇದ್ರ ಆ ಮೂಲ ಫೋನ್ ಮಾರಬ್ಯಾಡ್ರಿ, ಫಾರ್ಮ್ಯಾಟ್ ಮಾಡಬ್ಯಾಡ್ರಿ, ಕೋರ್ಟಿಗೆ ಸಾಕ್ಷಿ ಅಧಿನಿಯಮದ 63ರ ಸರ್ಟಿಫಿಕೇಟ್ (ವಿಡಿಯೋ ಯಾವ ಫೋನಿನ್ಯಾಗಿಂದು ಅಂತ ಬರದುಕೊಡೂದು) ಬೇಕಾಗತೈತಿ.

ಮಗ್ಗದ ವಿಷಯದಾಗ ಎಲ್ಲಾರೂ ತಪ್ಪು ಮಾಡ್ತಾರ. ನೋಟಿಸಿನ್ಯಾಗ ‘ಮಗ್ಗ ಹಾಳಾಗೇತಿ, 2 ಲಕ್ಷ ಕೊಡ್ರಿ’ ಅಂತ ಬರದಬಿಡ್ತಾರ. ಕೋರ್ಟಿಗೆ ಮಗ್ಗ ಅಂದ್ರ ಏನು ಅಂತ ಗೊತ್ತಿರಂಗಿಲ್ರಿ. ಎಷ್ಟು ಸೀರಿ ಹಾಸು ಏರಿಸಿದ್ರಿ, ಎಷ್ಟು ನೇಯ್ದಿದ್ರಿ, ಎಷ್ಟು ಉಳದಿತ್ತು, ನೂಲು ನಿಮ್ಮದೋ ಮಾಲಕರು ಕೊಟ್ಟದ್ದೋ, ಮಾಲಕರದ್ದು ಅಂದ್ರ ಅವ್ರು ನಿಮ್ಮ ಮಜೂರಿಯೊಳಗ ಎಷ್ಟು ಕಡೀತಾರ, ಹಣಿಗಿ (ಹಾಸಿನ ಎಳಿ ಹಾಯೂ ಬಾಚಣಿಗಿಯಂಥಾದ್ದು) ಮುರದೈತೇನು, ಹೊಸಾ ಹಾಸು ಕಟ್ಟಿ ಎಳಿ ಎಳಿ ಹೊಸೀಲಿಕ್ಕೆ ಎಷ್ಟು ದಿನ ಬೇಕು, ಅಷ್ಟು ದಿನದ ಮಜೂರಿ ಎಷ್ಟು. ಹರದ ಹಾಸು ಹಂಗ ಸುತ್ತಿ ಚೀಲದಾಗ ಹಾಕಿಡ್ರಿ, ಅರ್ಧಾ ನೇಯ್ದ ಸೀರಿ ಮ್ಯಾಲೆ ಬೂಟಿನ ಕಲೆ ಇದ್ರ ಒಗೀಬ್ಯಾಡ್ರಿ. ನೂಲು ಕೊಟ್ಟ ಮಾಲಕರಿಂದ ಇಲ್ಲಾ ನೇಕಾರರ ಸಂಘದಿಂದ ಲೆಟರ್‌ಹೆಡ್ ಮ್ಯಾಲೆ ಬರಸ್ಕೊಳ್ರಿ, ಮಜೂರಿ ಬರದ ಪುಸ್ತಕ ಇದ್ರ ಹಿಂದಿನ ಆರು ತಿಂಗಳದ್ದು ಝೆರಾಕ್ಸ್ ಮಾಡಿಸ್ರಿ. ಬಾಗಲಕ್ಕ ಬಡಿಗ್ಯಾರ ಕಡೆಯಿಂದ ಎಸ್ಟಿಮೇಟ್, ಸಾಗವಾನೀನೋ ಬೇವೋ, ಎಷ್ಟು ಫೂಟು, ಮಜೂರಿ ಎಷ್ಟು, ಸಹಿ ತಾರೀಖ ಸಮೇತ. ಇವೆಲ್ಲಾ ಬೇಸರದ ಕೆಲಸ, ನನಗ ಗೊತ್ತು, ಲುಕ್ಸಾನಾಗಿ ಕೂತವ್ರಿಗೆ ಲೆಕ್ಕಾ ಬರಿ ಅನ್ನೂದು ಕ್ರೂರ ಅನಸತೈತಿ, ಆದ್ರ ಕೋರ್ಟು ಕೊಡೂದು ಲೆಕ್ಕಕ್ಕ ಮಾತ್ರ.

ಹೆಂಗ ಹೋಗಬೇಕು ಅಂದ್ರ, ಸರ್ಕಾರದ ಮ್ಯಾಲೆ ದಾವಾ ಹಾಕೂದಕ್ಕ ಮೊದ್ಲ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 80ರ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ನೋಟಿಸ್ ಠಾಣೇಕ್ಕ ಕೊಟ್ರ ಆಗಂಗಿಲ್ಲ, ಜಿಲ್ಲಾಧಿಕಾರಿಗೆ ಇಲ್ಲಾ ಸರ್ಕಾರದ ಕಾರ್ಯದರ್ಶಿಗೆ ಕೊಡಬೇಕು, ನಾ ಇಬ್ಬರಿಗೂ ಕೊಡ್ತೀನಿ. ಏನಾತು, ಯಾವಾಗಾತು, ಎಷ್ಟು ಬೇಕು, ನಿಮ್ಮ ಹೆಸರು ವಿಳಾಸ, ಎಲ್ಲಾ ಇರಬೇಕು. ಬಾಳ ಮಂದಿ ಎರಡು ತಿಂಗಳಾಗೂದ್ರಾಗ ಯಾರರೆ ಬಂದು ಮಾತಾಡ್ತಾರ ಅಂತ ಕಾಯ್ತಾರ, ಆಮ್ಯಾಲೆ ಮರೀತಾರ, ದಾವಾ ಹಾಕೂ ಮಿಯಾದ (ಗಡುವು) ದಾಟಿ ಹೋಗತೈತಿ. ಕಾನೂನಿನ ಕೆಳಗ ಮಾಡಿದೆ ಅನ್ನೂ ಕೆಲಸದಿಂದಾದ ಲುಕ್ಸಾನಕ್ಕ ಮಿಯಾದ 1 ವರ್ಷ ಅಷ್ಟ, ಮೂರು ವರ್ಷ ಐತಿ ಅಂತ ಯಾರರೆ ಹೇಳಿದ್ರೂ ನೀವು 1 ವರ್ಷ ಅಂತನ ಹಿಡದು ನಡೀರಿ. ನೋಟಿಸಿನ ಎರಡು ತಿಂಗಳು ಅದ್ರಾಗ ಲೆಕ್ಕಕ್ಕ ಬರಂಗಿಲ್ಲ, ಆದ್ರ ಅದನ್ನ ನಂಬಿ ಕೂಡಬ್ಯಾಡ್ರಿ.

ದಾವಾದಾಗ ಪಿಎಸ್‌ಐ ಹೆಸರು ಹಾಕಬೇಕೋ ಬ್ಯಾಡೋ, ಇದು ಸಿಟ್ಟಿಂದ ತಗೊಳ್ಳೂ ನಿರ್ಧಾರ ಅಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ 170ರ ಪ್ರಕಾರ ಡ್ಯೂಟಿ ಹೆಸರಿನ್ಯಾಗ ಮಾಡಿದ ತಪ್ಪಿಗೆ, ಡ್ಯೂಟಿ ಮೀರಿ ಮಾಡಿದ್ರೂ ಸೈತ, ಅಧಿಕಾರಿ ಮ್ಯಾಲೆ ದಾವಾ ಹಾಕಾಕ ಸರ್ಕಾರದ ಮಂಜೂರಾತಿ ಬೇಕು, 2020ರಾಗ ಸುಪ್ರೀಂ ಕೋರ್ಟ್ ಸೈತ ದೇವರಾಜ ಅನ್ನೂ ಅಧಿಕಾರಿ ಕೇಸಿನ್ಯಾಗ ಈ ಕಲಮನ್ನ ಗಟ್ಟಿ ಹಿಡದೈತಿ. ಮಂಜೂರಾತಿಗೆ ಓಡಾಡೂದ್ರಾಗ ನಿಮ್ಮ ವರ್ಷ ಮುಗೀತೈತಿ. ನಿಮಗ ಬೇಕಾಗಿದ್ದು ಬಾಗಲದ ರೊಕ್ಕಾ, ಹಾಸಿನ ರೊಕ್ಕಾ. ನನ್ನ ಅಭಿಪ್ರಾಯ ಕೇಳಿದ್ರ ರಾಜ್ಯ ಸರ್ಕಾರನ್ನ ಪ್ರತಿವಾದಿ ಮಾಡ್ರಿ, ಅಧಿಕಾರಿ ನಡತಿ ಬಗ್ಗೆ ದೂರು ಬ್ಯಾರೆ ಕೊಡ್ರಿ, ಎಸ್‌ಪಿಗೆ, ಪೊಲೀಸ್ ದೂರು ಪ್ರಾಧಿಕಾರಕ್ಕ. ರಾಜ್ಯ ಮಾನವ ಹಕ್ಕು ಆಯೋಗಕ್ಕೂ ಬರೀಬಹುದು, ಘಟನೆ ಆದ 1 ವರ್ಷದೊಳಗ, ಅಲ್ಲಿ ವಕೀಲ್ರು ಬೇಕಾಗಂಗಿಲ್ಲ ಫೀಜೂ ಇಲ್ಲ, ಪರಿಹಾರ ಕೊಡ್ರಿ ಅಂತ ಸರ್ಕಾರಕ್ಕ ಶಿಫಾರಸು ಮಾಡ್ತಾರ.

ಹೈಕೋರ್ಟಿಗೆ ಸೀದಾ ಹೋಗಬಹುದೇನು? ಬೆಂಗಳೂರಿಗೆ ಹೋಗೂ ಕಾಲ ಮುಗೀತು, 2008ರಾಗ ಸಂಚಾರಿ ಪೀಠ ಅಂತ ಸುರು ಆಗಿ 2013ರಾಗ ಕಾಯಂ ಆದ ಧಾರವಾಡ ಪೀಠ ಗದಗ, ಹಾವೇರಿಗೂ ಸೇರಿ ಐತಿ. ತಪ್ಪು ಮನಿ ಹೊಕ್ಕದ್ದನ್ನ ಪೊಲೀಸ್ರ ದಾಖಲೆನ ಒಪ್ಪಿಕೊಂಡಿದ್ರ ರಿಟ್ ಅರ್ಜಿಯೊಳಗ (ಹಕ್ಕು ಮುರದದ್ದಕ್ಕ ಸೀದಾ ಹೈಕೋರ್ಟಿಗೆ ಹಾಕೂ ಅರ್ಜಿ) ಪರಿಹಾರ ಕೇಳಬಹುದು. ಅವ್ರು ನಾವು ಒದ್ದೇ ಇಲ್ಲ ಅಂದ್ರ, ಸಾಕ್ಷಿ ಬೇಕಾಗತೈತಿ, ಸಿವಿಲ್ ಕೋರ್ಟಿಗೆ ಹೋಗ್ರಿ ಅಂತ ಕಳಸ್ತಾರ. ಅದಕ್ಕ ಮೊದ್ಲ ಝಡತಿ ದಾಖಲೆ ಕೈಗೆ ಬರಲಿ, ಆಮ್ಯಾಲೆ ಯಾವ ದಾರಿ ಅಂತ ನೋಡೂಣು.

ರೊಕ್ಕಾ ಎಲ್ಲಿಂದ ತರೂದು ಅಂತ ನೀವು ಬರದಿಲ್ಲ, ಆದ್ರ ಅದ ಮನಸಿನ್ಯಾಗ ಇರತೈತಿ. ಹೆಣ್ಮಕ್ಕಳಿಗೆ ಆದಾಯ ಎಷ್ಟ ಇರಲಿ ಉಚಿತ ಕಾನೂನು ನೆರವು ಐತಿ ಅಕ್ಕಾರ, ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ 12ನೇ ಕಲಮು. ಹಂಗಾಗಿ ಮನಿ, ಮಗ್ಗ ನಿಮ್ಮ ಹೆಸರಿಲೆ ಇದ್ರ ಇಲ್ಲಾ ಜಂಟಿ ಇದ್ರ ಅರ್ಜಿ ನಿಮ್ಮ ಹೆಸರಿಲೇ ಹಾಕ್ರಿ. ಗದಗ ಜಿಲ್ಲಾ ಕೋರ್ಟಿನ ಆವಾರದಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸ್ ಕೇಳ್ರಿ, ಒಂದು ಬಿಳಿ ಹಾಳಿ ಮ್ಯಾಲೆ ಬರದುಕೊಟ್ರ ಸಾಕು, ಕೋರ್ಟ್ ಫೀ, ವಕೀಲ್ರು ಎರಡೂ ಅವ್ರ ನೋಡ್ತಾರ. ಸೋಮವಾರ ಹೋಗೂವಾಗ ಆರ್‌ಸಿ, ಫೋಟೋ, ಬಡಿಗ್ಯಾರ ಎಸ್ಟಿಮೇಟ್ ತಗೊಂಡು ಹೋಗ್ರಿ, ಬೈಕಿನ ಅರ್ಜಿ ಅವತ್ತ ಆಗಬೇಕು. ಬರೂವಾಗ ಎಸ್‌ಪಿ ಆಫೀಸಿಗೆ ದೂರು ಕೊಟ್ಟು ನಿಮ್ಮ ಪ್ರತಿ ಮ್ಯಾಲೆ ಇನ್ವರ್ಡ್ ಸೀಲ್ ಹಾಕಿಸ್ಕೊಂಡ ಬರ್ರಿ, ಸೀಲ್ ಹಾಕಾಕ ಒಲ್ಲೆ ಅಂದ್ರ ಅಲ್ಲೇ ಪೋಸ್ಟಿನ್ಯಾಗ ರಿಜಿಸ್ಟರ್ ಮಾಡಿ ಚೀಟಿ ಇಟ್ಕೊಳ್ರಿ.